ಮಗ್ಗ ಬದಲಾದಂತೆ ಜಾಗ ಬದಲಿಸಿದ ನೋವು

ಬನಹಟ್ಟಿಯ ನೇಕಾರರ ಓಣಿಗೆ ಬೆಳಗಿನ ಹೊತ್ತು ಹೋದವರಿಗೆ ಮೊದಲು ಎದುರಾಗುವುದು ಸದ್ದು. ವಿದ್ಯುತ್ ಮಗ್ಗಗಳ ಶೆಡ್ಡುಗಳಿಂದ ಬರುವ ಬಿಡುವಿಲ್ಲದ ಖಟಖಟ, ಅದರ ನಡುವೆ ಎಲ್ಲೋ ಹಳೆಯ ಮನೆಯೊಂದರ ಒಳಗಿಂದ ಕೇಳಿಬರುವ ಕೈಮಗ್ಗದ ನಿಧಾನದ ಬಡಿತ. ಕಟ್ಟೆಯ ಮೇಲೆ ಕುಳಿತು ನಾಲ್ಕು ಮಾತಾಡಿದರೆ ಎರಡನೆಯದೂ ಎದುರಾಗುತ್ತದೆ. ‘ಟೊಂಕ ಹಿಡದೈತ್ರಿ’, ‘ರಟ್ಟಿ ಮ್ಯಾಲ ಏಳವಲ್ದು’, ‘ಮೊಣಕಾಲು ಹಿಡಕೊಂಡಾವು’, ‘ಕೈ ಜೋಮು ಹಿಡಿತಾವು’. ಮೈಯ ಒಂದೊಂದು ಕೀಲಿನ ನೋವಿಗೂ ಇಲ್ಲಿನ ಮಾತಿನಲ್ಲಿ ಒಂದೊಂದು ಹೆಸರಿದೆ. ಇದೆಲ್ಲ ಕಸುಬಿನಿಂದ ಬಂದದ್ದೇ ಎಂದು ಕೇಳಿದರೆ ಮಾತ್ರ ಉತ್ತರ ಬೇರೆ ದಾರಿ ಹಿಡಿಯುತ್ತದೆ. ವಯಸ್ಸಾಯಿತು, ವಾಯು ಆಗಿದೆ, ನಮ್ಮಪ್ಪನಿಗೂ ಹೀಗೇ ಇತ್ತು ಎನ್ನುವ ಮಾತು ಬರುತ್ತದೆ.

ಅಪ್ಪನಿಗೂ ಹೀಗೇ ಇತ್ತು ಎಂಬ ಮಾತು ವಿಚಾರ ಮಾಡಬೇಕಾದದ್ದು. ಅಪ್ಪ ಕೂತು ನೇಯ್ದದ್ದು ಕುಣಿಮಗ್ಗದಲ್ಲಿ. ಮಗ ನಿಂತು ದುಡಿಯುವುದು ವಿದ್ಯುತ್ ಮಗ್ಗದ ಮುಂದೆ. ಇಬ್ಬರ ನೋವೂ ಒಂದೇ ಆಗಿರಲು ಸಾಧ್ಯವಿಲ್ಲ. ಮಗ್ಗದ ಇತಿಹಾಸವನ್ನು ಬರೆದವರು ಬಟ್ಟೆಯ ಇತಿಹಾಸ ಬರೆದಿದ್ದಾರೆ, ದರದ ಇತಿಹಾಸ ಬರೆದಿದ್ದಾರೆ, ಯಂತ್ರದ ಇತಿಹಾಸವನ್ನಂತೂ ಬರೆದಿದ್ದಾರೆ. ನೇಕಾರನ ಬೆನ್ನು, ಭುಜ, ಮೊಣಕಾಲುಗಳಿಗೂ ಒಂದು ಇತಿಹಾಸವಿದೆ. ಮಗ್ಗ ಬದಲಾದಾಗಲೆಲ್ಲ ನೋವು ಮೈಯಲ್ಲಿ ತನ್ನ ಜಾಗ ಬದಲಿಸುತ್ತ ಬಂದಿದೆ.

ನಾಲ್ಕು ತಾಲ್ಲೂಕು, ಹಲವು ಒಡೆಯರು

ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳು ನೂರು ವರ್ಷದ ಹಿಂದೆ ಒಂದೇ ಆಡಳಿತದಲ್ಲಿ ಇರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ. ಬನಹಟ್ಟಿ ಅದರ ಪೇಟೆಯೂರು. ಬನಹಟ್ಟಿಗೆ ಹೊಂದಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಮುಧೋಳ ಮತ್ತು ನೇಯ್ಗೆಗೆ ಹೆಸರಾದ ಮಹಾಲಿಂಗಪುರ ಘೋರ್ಪಡೆಯವರ ಕೈಯಲ್ಲಿದ್ದವು. ಬೀಳಗಿಯೊಂದು ಬ್ರಿಟಿಷರ ನೇರ ಆಡಳಿತದ ಕಲಾದಗಿ ಜಿಲ್ಲೆಯಲ್ಲಿ, ಮುಂದೆ ವಿಜಾಪುರ ಜಿಲ್ಲೆಯಲ್ಲಿ ಇತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಅಕ್ಕಪಕ್ಕದ ಎರಡು ಊರಿನ ನೇಕಾರರು ಒಂದೇ ಬಗೆಯ ಸೀರೆ ನೇಯುತ್ತ ಬೇರೆ ಬೇರೆ ಒಡೆಯರಿಗೆ ತೆರಿಗೆ ಕೊಡುತ್ತಿದ್ದರು. ಬ್ರಿಟಿಷ್ ಇಂಡಿಯಾದ ಕಾರ್ಖಾನೆ ಕಾನೂನುಗಳು ಸಂಸ್ಥಾನಗಳಿಗೆ ತಾವಾಗಿ ಅನ್ವಯವಾಗುತ್ತಲೂ ಇರಲಿಲ್ಲ. ಇದು ಮುಂದೆ ನೆನಪಿಡಬೇಕಾದ ಸಂಗತಿ.

ನೇಯ್ಗೆ ಇಲ್ಲಿಗೆ ಹೊಸದಲ್ಲ. ಕನ್ನಡದ ಆದ್ಯ ವಚನಕಾರರಲ್ಲಿ ಒಬ್ಬನೆಂದು ಎಣಿಸುವ ದಾಸಿಮಯ್ಯನೇ ನೇಕಾರ. ಮಗ್ಗದ ಸಲಕರಣೆಗಳು ಅವನ ಮಾತಿನಲ್ಲಿ ಭಕ್ತಿಯ ರೂಪಕಗಳಾದವು. ದೇವಾಂಗ, ಹಟಗಾರ, ಕುರುಹಿನಶೆಟ್ಟಿ, ಪಟ್ಟಸಾಲಿ, ಸ್ವಕುಳಸಾಳಿ ಹೀಗೆ ಹಲವು ಸಮುದಾಯಗಳು ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನಡುವಿನ ಊರುಗಳಲ್ಲಿ ಮಗ್ಗ ಹೂಡಿದವು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ಹೊರಗಿನವರಿಗೂ ಗೊತ್ತು. ರಬಕವಿ-ಬನಹಟ್ಟಿಯ ಬಟ್ಟೆ ಅಷ್ಟು ಹೆಸರು ಮಾಡಲಿಲ್ಲ. ದಿನಬಳಕೆಯ ಸೀರೆಯಾಗಿ ಮಹಾರಾಷ್ಟ್ರದ ಸಂತೆಗಳವರೆಗೆ ಹೋಗಿ ಸವೆದುಹೋಯಿತು.

ಕುಣಿಯಲ್ಲಿ ಕಾಲು, ದಡಿಯ ಮೇಲೆ ಕಣ್ಣು

ಕುಣಿಮಗ್ಗವನ್ನು ನೋಡದವರಿಗಾಗಿ ಎರಡು ಮಾತು. ಮನೆಯ ನೆಲದಲ್ಲಿ ಸೊಂಟಕ್ಕೆ ಬರುವಷ್ಟು ತಗ್ಗು ತೋಡಿರುತ್ತಾರೆ. ನೇಕಾರ ಅದರ ಅಂಚಿನಲ್ಲಿ ಕುಳಿತು ಕಾಲನ್ನು ತಗ್ಗಿಗೆ ಇಳಿಬಿಡುತ್ತಾನೆ. ಕೆಳಗೆ ತುಳಿಯುವ ಹಲಗೆಗಳು. ಒಂದನ್ನು ತುಳಿದಾಗ ಹಾಸಿನ ಅರ್ಧ ಎಳೆಗಳು ಮೇಲೆದ್ದು ನಡುವೆ ದಾರಿ ಬಿಡುತ್ತವೆ. ಆ ದಾರಿಯಲ್ಲಿ ಲಾಳಿ ಓಡುತ್ತದೆ, ಹಿಂದೆಯೇ ಹಣಿಗೆಯನ್ನು ತನ್ನತ್ತ ಎಳೆದು ಬಡಿಯಬೇಕು. ಮತ್ತೆ ಇನ್ನೊಂದು ಹಲಗೆ, ಮತ್ತೆ ಲಾಳಿ, ಮತ್ತೆ ಬಡಿತ. ತಗ್ಗಿನ ತಂಪು ನೂಲಿಗೆ ಒಳ್ಳೆಯದು. ಒಣಹವೆಯ ಈ ಸೀಮೆಯಲ್ಲಿ ಎಳೆ ಹರಿಯದಂತೆ ಅದು ಕಾಪಾಡುತ್ತದೆ. ನೂಲಿಗೆ ಬೇಕಾದ ತೇವದಲ್ಲೇ ನೇಕಾರನ ಮೊಣಕಾಲು ದಿನವಿಡೀ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ಆರು ಗಜದ ಸೀರೆ ಎಂದರೆ 216 ಇಂಚು. ಇಂಚಿಗೆ 50 ಹೊಕ್ಕಿನ ಎಳೆ ಎಂದು ಹಿಡಿದರೂ ಒಂದು ಸೀರೆಗೆ 10,800 ಸಲ ಲಾಳಿ ಆಚೀಚೆ ಹೋಗಬೇಕು. ಅಂದರೆ ಅಷ್ಟೇ ಸಲ ಕೈ ಎಳೆತ, ಅಷ್ಟೇ ಸಲ ಹಣಿಗೆಯ ಬಡಿತ, ಅಷ್ಟೇ ಸಲ ಕಾಲಿನ ತುಳಿತ. ಹೊಲದಲ್ಲಿ ಗುದ್ದಲಿ ಹಿಡಿದವನು ಬೇರೆ ಬೇರೆ ರೀತಿಯಲ್ಲಿ ಬಾಗುತ್ತಾನೆ, ಏಳುತ್ತಾನೆ, ನಡೆಯುತ್ತಾನೆ. ನೇಕಾರನ ಕೆಲಸ ನೋಡುವವರಿಗೆ ಹಗುರ. ಅದರ ಭಾರ ಇರುವುದು ಎಣಿಕೆಯಲ್ಲಿ.

ಬೆನ್ನಿನ ಮಾತು ಇನ್ನೂ ಸೂಕ್ಷ್ಮ. ಕುಳಿತು ಮಾಡುವ ಕೆಲಸ ಆರಾಮದ್ದು ಎಂಬ ನಂಬಿಕೆ ಎಲ್ಲೆಡೆ ಇದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತನೆಯ ಬಿಲ್ಲೆಯೊಳಕ್ಕೆ ಸೂಜಿ ಇಳಿಸಿ ಅಲ್ಲಿನ ಒತ್ತಡವನ್ನು ಅಳೆದಾಗ ಬೇರೆಯದೇ ಚಿತ್ರ ಕಂಡಿತು. ನೆಟ್ಟಗೆ ನಿಂತಾಗಿನ ಒತ್ತಡಕ್ಕಿಂತ ಆಸರೆಯಿಲ್ಲದೆ ಮುಂದಕ್ಕೆ ಬಾಗಿ ಕುಳಿತಾಗಿನ ಒತ್ತಡ ಹೆಚ್ಚು. ಕುಣಿಮಗ್ಗದ ನೇಕಾರ ಕುಳಿತುಕೊಳ್ಳುವುದು ಹಾಗೆಯೇ. ಹಿಂದೆ ಒರಗಲು ಏನೂ ಇಲ್ಲ, ಮುಂದೆ ನೇಯ್ದ ಬಟ್ಟೆಯ ಉರುಳೆ, ಕಣ್ಣು ದಡಿಯ ಎಳೆಗಳ ಮೇಲೆ, ಆದ್ದರಿಂದ ಕುತ್ತಿಗೆಯೂ ಬಾಗಿರಬೇಕು. ಬಾಗಿದ ಕುತ್ತಿಗೆಯನ್ನು ಹಿಡಿದಿಟ್ಟುಕೊಳ್ಳುವ ಸ್ನಾಯುಗಳು ಅಲುಗಾಡದಿದ್ದರೂ ಬಿಗಿದೇ ಇರುತ್ತವೆ. ಬಿಗಿದ ಸ್ನಾಯುವಿನೊಳಗೆ ರಕ್ತ ಸಲೀಸಾಗಿ ಹರಿಯದು. ಅಲುಗಾಡುವ ಕೈ ದಣಿಯುವುದಕ್ಕೆ ಮೊದಲೇ ಅಲುಗಾಡದ ಕುತ್ತಿಗೆ ದಣಿಯುವ ಗುಟ್ಟು ಇದು.

ಕುಳಿತ ಜಾಗದ ನೋವಿಗಂತೂ ಇಂಗ್ಲೆಂಡಿನ ವೈದ್ಯರು ನೇಕಾರರ ಹೆಸರನ್ನೇ ಇಟ್ಟರು. ಆಸನದ ಮೂಳೆಗೂ ಚರ್ಮಕ್ಕೂ ನಡುವೆ ದಿಂಬಿನಂತಿರುವ ಪುಟ್ಟ ಚೀಲ ಗಟ್ಟಿ ಹಲಗೆಗೆ ತಿಕ್ಕಿ ತಿಕ್ಕಿ ಬಾವು ಬರುವುದನ್ನು ಅವರು ‘ನೇಕಾರನ ಕುಂಡೆ’ ಎಂಬ ಅರ್ಥ ಬರುವಂತೆ ಕರೆದರು. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಆ ಹೆಸರು ಈಗಲೂ ಕಾಣಸಿಗುತ್ತದೆ. ಕೆಲವರಿಗೆ ಇದು ನಗುವ ಮಾತಾಗಿ ಕಾಣಬಹುದು, ಆದರೆ ಲ್ಯಾಂಕಷೈರಿನ ಮಗ್ಗದ ಮನೆಯಲ್ಲೂ ರಬಕವಿಯ ಮಗ್ಗದ ಮನೆಯಲ್ಲೂ ಹಲಗೆ ಒಂದೇ ಬಗೆಯದು.

ಈ ವಿಚಾರವನ್ನು ಮೊದಲು ಪುಸ್ತಕವಾಗಿ ಬರೆದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ. ಕಸುಬುದಾರರ ಕಾಯಿಲೆಗಳ ಕುರಿತ ಅವನ ಲ್ಯಾಟಿನ್ ಗ್ರಂಥ 1700ರಲ್ಲಿ ಮೊಡೆನಾದಲ್ಲಿ ಪ್ರಕಟವಾಯಿತು, 1713ರಲ್ಲಿ ಹೆಚ್ಚಿನ ಅಧ್ಯಾಯಗಳೊಂದಿಗೆ ಮತ್ತೆ ಬಂತು. ಕಾಲು ಮಡಿಚಿ ಬಾಗಿ ಕುಳಿತು ಹೊಲಿಯುವ ದರ್ಜಿಗಳು ಹಬ್ಬದ ದಿನ ಮೆರವಣಿಗೆಯಲ್ಲಿ ಗೂನುಬೆನ್ನಿನಿಂದ ಕುಂಟುತ್ತ ಹೋಗುವುದನ್ನು ಅವನು ಕಂಡು ಬರೆದ. ನೇಕಾರರನ್ನೂ ಅವನು ಬಿಡಲಿಲ್ಲ. ರೋಗಿಯನ್ನು ಏನೇನು ಕೇಳಬೇಕೆಂದು ಹಿಪ್ಪೊಕ್ರಟಿಸ್ ಹೇಳಿದ್ದ ಪ್ರಶ್ನೆಗಳಿಗೆ ರಾಮಜ್ಜಿನಿ ಒಂದನ್ನು ಸೇರಿಸಿದ: ನಿನ್ನ ಕಸುಬು ಯಾವುದು? ಮುನ್ನೂರು ವರ್ಷಗಳ ಮೇಲಾಯಿತು. ನಮ್ಮ ದವಾಖಾನೆಗಳ ಸಾಲಿನಲ್ಲಿ ನಿಂತ ನೇಕಾರನಿಗೆ ವಯಸ್ಸು, ಊರು, ಆಧಾರ್ ಸಂಖ್ಯೆ ಕೇಳುತ್ತಾರೆ. ಕಸುಬು ಕೇಳುವುದು ವೈದ್ಯರ ಪುರುಸೊತ್ತಿಗೆ ಬಿಟ್ಟದ್ದು.

ಹಾರುವ ಲಾಳಿ ತಂದದ್ದು

ಹಳೆಯ ಮಗ್ಗದಲ್ಲಿ ಲಾಳಿಯನ್ನು ಒಂದು ಕೈ ಎಸೆಯಬೇಕು, ಇನ್ನೊಂದು ಕೈ ಹಿಡಿಯಬೇಕು. ಎರಡೂ ಭುಜಗಳಿಗೆ ಸಮಪಾಲು. ಬಟ್ಟೆಯ ಅಗಲ ಕೈಚಾಚಿನಷ್ಟೇ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬಾತ ಲಾಳಿಗೆ ಗಾಲಿ ಹಾಕಿ, ಹಗ್ಗ ಜಗ್ಗಿದರೆ ಅದು ತಾನಾಗಿ ಹಾರುವಂತೆ ಮಾಡಿದ. ಭಾರತದಲ್ಲಿ ಇದು ವ್ಯಾಪಕವಾಗಿ ಹಬ್ಬಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಮದರಾಸಿನಲ್ಲಿ ಇದನ್ನು ಪ್ರಚಾರ ಮಾಡಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನೂ ಆದ. ಗಿರಣಿ ಬಟ್ಟೆಯ ಎದುರು ಕೈಮಗ್ಗ ಬದುಕಿ ಉಳಿದದ್ದರಲ್ಲಿ ಈ ಹಾರುವ ಲಾಳಿಯ ಪಾಲು ದೊಡ್ಡದು; ಅದೇ ಹೊತ್ತಿನಲ್ಲಿ ಮೊದಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಬಟ್ಟೆ.

ಹಗ್ಗ ಜಗ್ಗುವುದು ಮಾತ್ರ ಒಂದೇ ಕೈ. ಗಿಣ್ಣು ಹಾಕಿದ ಹಗ್ಗವನ್ನು ಬಲಗೈಯಲ್ಲಿ ಹಿಡಿದು ಝಟಕಾಯಿಸಬೇಕು, ಎಡಗೈ ಹಣಿಗೆ ಬಡಿಯುತ್ತಿರಬೇಕು. ಎರಡೂ ಭುಜಗಳು ಹಂಚಿಕೊಳ್ಳುತ್ತಿದ್ದ ಕೆಲಸ ಹೀಗೆ ಒಡೆಯಿತು. ಝಟಕಾಯಿಸುವ ಭುಜದ ಕೀಲು ಮತ್ತು ಮೊಣಕೈ ಹೊರಗೆ ಸ್ನಾಯುರಜ್ಜು ಬಾವು ಬರುವುದು, ಬೆರಳು ಜೋಮು ಹಿಡಿಯುವುದು ಈ ಬಗೆಯ ಮಗ್ಗದ ನೋವು. ದಡಿಯ ಬುಟ್ಟಾ ತೆಗೆಯಲು ಮಗ್ಗದ ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ ಇಟ್ಟಾಗ ಅದನ್ನೆತ್ತುವ ಭಾರ ಕಾಲಿಗೆ ಬಂತು. ನೇಯ್ಗೆ ಚೆಂದವಾದಷ್ಟೂ ತುಳಿತ ಗಟ್ಟಿಯಾಯಿತು.

ನೇಕಾರನ ಮೈಯ ಕುರಿತು ಸರಕಾರ ತಲೆಕೆಡಿಸಿಕೊಂಡ ಪ್ರಸಂಗ ಇಲ್ಲವೆಂದಲ್ಲ. ಅದು ಬಂದದ್ದು ಬರಗಾಲದಲ್ಲಿ. 1876-78ರ ಬರ ಕಲಾದಗಿ ಜಿಲ್ಲೆಯನ್ನು ನೆಲಕಚ್ಚಿಸಿತು. ಬಟ್ಟೆ ಕೊಳ್ಳುವವರಿಲ್ಲದೆ ಮೊದಲು ಕೈ ಖಾಲಿ ಮಾಡಿಕೊಂಡವರಲ್ಲಿ ನೇಕಾರರೂ ಇದ್ದರು. ಪರಿಹಾರದ ಕೆಲಸವೆಂದರೆ ರಸ್ತೆಗೆ ಜಲ್ಲಿ ಒಡೆಯುವುದು. ಮುಂದಿನ 1896-97 ಮತ್ತು 1899-1900ರ ಬರಗಳ ಹೊತ್ತಿಗೆ ಮುಂಬಯಿ ಪ್ರಾಂತದ ಅಧಿಕಾರಿಗಳಲ್ಲಿ ಒಂದು ವಾದ ನಡೆಯಿತು: ನೇಕಾರನನ್ನು ಕಲ್ಲು ಒಡೆಯಲು ಕಳಿಸಿದರೆ ಅವನ ನಯವಾದ ಕೈ ಒರಟಾಗಿ ಮತ್ತೆ ಎಳೆ ಹಿಡಿಯಲು ಬಾರದು, ಆದ್ದರಿಂದ ಅವನಿಗೆ ನೂಲು ಕೊಟ್ಟು ಅವನ ಕಸುಬಿನಲ್ಲೇ ಕೂಲಿ ಕೊಡಬೇಕೆ? ಸೊಲ್ಲಾಪುರದಂಥ ಕಡೆ ಹಾಗೆಯೇ ಮಾಡಲಾಯಿತು. ಕೈಯನ್ನು ಒಂದು ಆಸ್ತಿಯೆಂದು ಆಗ ನೋಡಿದರು. ಮಗ್ಗದಲ್ಲೇ ಆ ಕೈ ಸವೆಯುವ ಮಾತು ಆ ವಾದದೊಳಗೆ ಬರಲಿಲ್ಲ.

ಕೂತವರು ಎದ್ದು ನಿಂತರು

ಕೃಷ್ಣೆಯ ಮೇಲುಭಾಗದ ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ಕುಳಿತದ್ದು 1904ರಲ್ಲಿ. ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ರಬಕವಿ-ಬನಹಟ್ಟಿಯೂ ಅದೇ ಹಾದಿ ಹಿಡಿಯಿತು. ಕುಣಿ ಮುಚ್ಚಿ ಸಿಮೆಂಟ್ ನೆಲ ಮಾಡಿ, ಅದರ ಮೇಲೆ ಕಬ್ಬಿಣದ ಮಗ್ಗ ಕೂಡಿಸಿದ ಮನೆಗಳು ಇಲ್ಲಿ ಎಷ್ಟೋ. 1985ರ ಕೇಂದ್ರ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಆ ಪಟ್ಟಿ ಮೊದಲು 22 ಇದ್ದದ್ದು ಮುಂದೆ 11ಕ್ಕೆ ಇಳಿಯಿತು. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು ಬಟ್ಟೆ ಕೊಂಡು, ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ನೇಯಿಸಿ, ಬನಹಟ್ಟಿಯಂಥ ಊರುಗಳಲ್ಲಿ ಕೈಮಗ್ಗವನ್ನು ಹೇಗೋ ಉಸಿರಾಡಿಸಿಕೊಂಡು ಬಂದಿದೆ. ಆದರೂ ಊರಿನ ಸದ್ದು ಈಗ ವಿದ್ಯುತ್ತಿನದು.

ವಿದ್ಯುತ್ ಮಗ್ಗ ಬಂದಾಗ ಕಷ್ಟ ಕಳೆಯಿತೆಂದು ಹಲವರು ಅಂದುಕೊಂಡದ್ದು ಸಹಜ. ಜಗ್ಗುವುದಿಲ್ಲ, ಬಡಿಯುವುದಿಲ್ಲ, ತುಳಿಯುವುದಿಲ್ಲ. ಬಾಗಿದ ಬೆನ್ನಿಗೆ ನಿಜಕ್ಕೂ ಬಿಡುಗಡೆ ಸಿಕ್ಕಿತು. ಆದರೆ ಒಬ್ಬನೇ ಎರಡೋ ನಾಲ್ಕೋ ಮಗ್ಗ ನೋಡಿಕೊಳ್ಳಬೇಕು. ಕಂಡಿಕೆ ಮುಗಿದಾಗ ಮಗ್ಗ ನಿಲ್ಲಿಸಿ, ಲಾಳಿ ತೆಗೆದು, ಹೊಸದನ್ನು ಹಾಕಿ, ಮತ್ತೆ ಚಾಲು ಮಾಡಿ ಇನ್ನೊಂದರತ್ತ ಓಡಬೇಕು. ಎಳೆ ಹರಿದರೆ ಮಗ್ಗದ ಮೇಲೆ ಅಡ್ಡಲಾಗಿ ಬಾಗಿ, ಕೈ ಚಾಚಿ, ಎಳೆಯನ್ನು ಹಣಿಗೆಯ ಹಲ್ಲಿನಲ್ಲಿ ಪೋಣಿಸಿ ಗಂಟು ಹಾಕಬೇಕು. ಕಾಲಡಿಗೆ ಸಿಮೆಂಟು. ಪಾಳಿ ಮುಗಿಯುವವರೆಗೆ ಕೂರುವ ಪ್ರಶ್ನೆ ಇಲ್ಲ. ಎಷ್ಟೋ ಶೆಡ್ಡುಗಳಲ್ಲಿ ಕೂರಲು ಸ್ಟೂಲೂ ಇರುವುದಿಲ್ಲ. ಟೊಂಕದಲ್ಲಿ ಇದ್ದ ನೋವು ಮೊಣಕಾಲಿಗೆ, ಹಿಮ್ಮಡಿಗೆ, ಮೀನಖಂಡದ ಉಬ್ಬಿದ ನರಗಳಿಗೆ ಇಳಿದದ್ದು ಹೀಗೆ. ಮಗ್ಗದ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯವಾದ್ದರಿಂದ ಕಿವಿಯೂ ಈ ಲೆಕ್ಕಕ್ಕೆ ಸೇರಬೇಕು. ಮಗ್ಗದವರು ಮನೆಯಲ್ಲೂ ಗಟ್ಟಿಯಾಗಿ ಮಾತಾಡುತ್ತಾರೆಂದು ಇಲ್ಲಿನವರು ತಮಾಷೆ ಮಾಡುವುದುಂಟು.

ಇಷ್ಟು ಹೇಳಿದ ಮೇಲೂ ಅರ್ಧ ಕತೆ ಉಳಿಯುತ್ತದೆ. ಮಗ್ಗದ ಮುಂದೆ ಕುಳಿತವನನ್ನು ನೇಕಾರ ಎನ್ನುತ್ತೇವೆ. ಪಕ್ಕದಲ್ಲಿ ರಾಟಿ ತಿರುಗಿಸಿ ಕಂಡಿಕೆ ಸುತ್ತುವ ಹೆಂಡತಿ, ತಾಯಿ, ಮಗಳು ಬಹಳ ಕಾಲ ಯಾವ ಎಣಿಕೆಗೂ ಸಿಗಲಿಲ್ಲ. ನೆಲದ ಮೇಲೆ ಒಂದು ಕಾಲು ಮಡಿಚಿ ಕುಳಿತು ಬಲಗೈಯಿಂದ ರಾಟಿ ತಿರುಗಿಸುತ್ತ ಎಡಗೈಯ ಎರಡು ಬೆರಳಲ್ಲಿ ಎಳೆ ಹಿಡಿಯುವ ಕೆಲಸದಲ್ಲಿ ಮಣಿಕಟ್ಟು ಮತ್ತು ಹೆಬ್ಬೆರಳ ಬುಡ ಸವೆಯುತ್ತವೆ. ಇಳಕಲ್ ಬಗೆಯ ಸೀರೆಯಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದೂ ಬಹುತೇಕ ಹೆಂಗಸರ ಬೆರಳಿನ ಕೆಲಸ. ಅಡಿಗೆ, ನೀರು, ಕಟ್ಟಿಗೆ ಅದರ ಮೇಲೆ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಅವರಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಮಂದಿ ಮಹಿಳೆಯರು.

100, 50, 20, 10, ಮತ್ತೆ 20

ಈ ನೋವು ಸರಕಾರಿ ದಫ್ತರಕ್ಕೆ ಏಕೆ ಏರಲಿಲ್ಲ ಎಂಬುದಕ್ಕೆ ಉತ್ತರ ಕೆಲವು ಅಂಕಿಗಳಲ್ಲಿದೆ. 1881ರ ಮೊದಲ ಕಾರ್ಖಾನೆ ಕಾಯ್ದೆ 100 ಜನ ದುಡಿಯುವ, ಯಂತ್ರಶಕ್ತಿ ಬಳಸುವ ಗಿರಣಿಗಳಿಗೆ ಮಾತ್ರ. 1891ರಲ್ಲಿ ಅದು 50 ಆಯಿತು, 1922ರಲ್ಲಿ 20, ಸ್ವತಂತ್ರ ಭಾರತದ 1948ರ ಕಾಯ್ದೆಯಲ್ಲಿ 10. ಕಾನೂನು ಮೆಟ್ಟಿಲು ಇಳಿಯುತ್ತ ಸಣ್ಣ ಶೆಡ್ಡಿನ ಹತ್ತಿರ ಬರುತ್ತಿತ್ತು. 2020ರಲ್ಲಿ ಸಂಸತ್ತು ಒಪ್ಪಿದ, 2025ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಕಾರ್ಖಾನೆಯ ಅಂಕಿಯನ್ನು ಮತ್ತೆ 20ಕ್ಕೆ ಏರಿಸಿತು. ಹತ್ತು ಜನರಿರುವ ಸಂಸ್ಥೆಗಳಿಗೆ ಅದರ ಕೆಲವು ಸಾಮಾನ್ಯ ಕಟ್ಟಳೆಗಳು ಅನ್ವಯಿಸುತ್ತವೆ, ನಿಜ. ಆದರೆ ಮನೆಯ ಹಿತ್ತಿಲಲ್ಲಿ ನಾಲ್ಕು ಮಗ್ಗ ಹಾಕಿ ಮೂರು ಜನ ದುಡಿಯುವ ಬನಹಟ್ಟಿಯ ಶೆಡ್ಡಿಗೆ 20 ಆದರೇನು, 10 ಆದರೇನು? 1948ರವರೆಗೆ ಸಂಸ್ಥಾನದ ಗಡಿ ಕಾನೂನನ್ನು ಹೊರಗಿಟ್ಟಿತ್ತು. ಅನಂತರ ತಲೆಯೆಣಿಕೆ ಆ ಕೆಲಸ ಮಾಡಿತು.

ಇನ್ನೊಂದು ತೊಡಕು ಕಾನೂನಿನ ಯೋಚನೆಯಲ್ಲೇ ಇದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಮುಖ್ಯವಾಗಿ ಅಪಘಾತವನ್ನು ಗುರುತಿಸುತ್ತಿತ್ತು. ಬೆರಳು ಗಾಲಿಗೆ ಸಿಕ್ಕಿತು ಎಂದರೆ ಅದಕ್ಕೆ ತಾರೀಖು ಇದೆ, ಹೊತ್ತು ಇದೆ, ಕಂಡವರು ಇದ್ದಾರೆ. ಇಪ್ಪತ್ತು ವರ್ಷ ಹಗ್ಗ ಜಗ್ಗಿ ಭುಜ ಹಿಡಿದವನು ಯಾವ ತಾರೀಖು ಬರೆಸಬೇಕು? ಇದಕ್ಕಾಗಿಯೇ ಕಾಯಿಲೆಗಳ ಪಟ್ಟಿ ಎಂಬುದು ಹುಟ್ಟಿತು. ಪಟ್ಟಿಯಲ್ಲಿದ್ದರೆ ತಾರೀಖು ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ತಂತಿ ಕಚೇರಿಯ ನೌಕರರ ಕೈಸೆಳೆತ 1908ರಷ್ಟು ಹಿಂದೆಯೇ ಅಂಥ ಪಟ್ಟಿಗೆ ಸೇರಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1925ರ ಒಪ್ಪಂದದ ಪಟ್ಟಿಯಲ್ಲಿ ಇದ್ದದ್ದು ಮೂರೇ: ಸೀಸದ ವಿಷ, ಪಾದರಸದ ವಿಷ ಮತ್ತು ಆಂಥ್ರಾಕ್ಸ್. ಅದೇ ಸಂಸ್ಥೆ 2002ರಲ್ಲಿ ಸ್ನಾಯು ಹಾಗೂ ಕೀಲುಗಳ ಔದ್ಯೋಗಿಕ ತೊಂದರೆಗಳಿಗೆ ಪ್ರತ್ಯೇಕ ಭಾಗ ಮಾಡಿತು, 2010ರಲ್ಲಿ ಮಣಿಕಟ್ಟು, ಮೊಣಕೈ, ಮೊಣಕಾಲಿನ ನಿರ್ದಿಷ್ಟ ಬೇನೆಗಳನ್ನು ಹೆಸರಿಸಿತು. ನಮ್ಮ 1948ರ ಕಾಯ್ದೆಯ ಮೂರನೆಯ ಅನುಸೂಚಿ 29 ಕಾಯಿಲೆಗಳವರೆಗೆ ಬೆಳೆಯಿತು. ಹತ್ತಿಯ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಅದರಲ್ಲಿದೆ, ಸದ್ದಿನಿಂದ ಬರುವ ಕಿವುಡು ಇದೆ. ಬೆನ್ನು, ಭುಜ, ಮೊಣಕಾಲು ಇಲ್ಲ. ಹೊಸ ಸಂಹಿತೆಯ ಅನುಸೂಚಿಯೂ ಹೆಚ್ಚುಕಡಿಮೆ ಅದೇ ಪಟ್ಟಿಯನ್ನು ಹೊತ್ತು ತಂದಿದೆ.

ಇದು ನೇಕಾರರದೊಂದೇ ಮಾತಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಂದಲೂ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗಿ ದುಡಿಯುವ ಹೆಣ್ಣುಮಕ್ಕಳಿದ್ದಾರೆ. ಒರಗಿಲ್ಲದ ಸ್ಟೂಲು, ಸೂಜಿಯ ಮೇಲೆ ನೆಟ್ಟ ಕಣ್ಣು, ಗಂಟೆಗೆ ಇಷ್ಟು ತೋಳು ಇಷ್ಟು ಕಾಲರ್ ಎಂಬ ಗುರಿ. ರಾಮಜ್ಜಿನಿ ಕಂಡ ದರ್ಜಿಯ ಕುತ್ತಿಗೆ ಮತ್ತು ಕುಣಿಮಗ್ಗದ ನೇಕಾರನ ಕುತ್ತಿಗೆ ಅಲ್ಲಿ ಒಂದೇ ಹುಡುಗಿಯ ಮೈಯಲ್ಲಿ ಕೂಡಿವೆ. ಆ ಕಾರ್ಖಾನೆಗಳಲ್ಲಿ ತಲೆಯೆಣಿಕೆ ನೂರಾರು ಇರುವುದರಿಂದ ಕಾನೂನು ಬಾಗಿಲವರೆಗಾದರೂ ಬರುತ್ತದೆ, ಇ.ಎಸ್.ಐ. ಚೀಟಿ ಇರುತ್ತದೆ. ಪಟ್ಟಿ ಮಾತ್ರ ಇಬ್ಬರಿಗೂ ಒಂದೇ.

ಪರಿಹಾರ ತಿಳಿಯದ್ದಲ್ಲ. ಅಹಮದಾಬಾದಿನಲ್ಲಿ 1966ರಲ್ಲಿ ಆರಂಭವಾದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಬೆಂಗಳೂರಿನಲ್ಲೂ ಕೇಂದ್ರವಿದೆ. ಇರಾನಿನ ಶಿರಾಜ್‌ನ ಸಂಶೋಧಕರು 2000ದ ದಶಕದಲ್ಲಿ ಗಾಲೀಚೆ ನೇಯುವವರ ಆಸನದ ಎತ್ತರ, ನೇಯುವ ಜಾಗದ ಎತ್ತರಗಳನ್ನು ಬದಲಿಸಿ ನೋಡಿ, ಆಸನವನ್ನು ಎತ್ತರಿಸಿ ತುಸು ಮುಂದಕ್ಕೆ ಇಳಿಜಾರು ಮಾಡಿದರೆ ಮೈಗೆ ಆಯಾಸ ಕಡಿಮೆ ಎಂದು ಕಂಡರು. ಕುಣಿಮಗ್ಗಕ್ಕೂ ಬೇಕಾದದ್ದು ಇಂಥದ್ದೇ: ಕುಳಿತವನ ಉದ್ದಕ್ಕೆ ತಕ್ಕ ಹಲಗೆ, ಹಿಂದೆ ಒಂದು ಒರಗು, ತಗ್ಗಿನ ತೇವಕ್ಕೆ ಗಚ್ಚು, ದಡಿಯ ಮೇಲೆ ಬೀಳುವ ಬೆಳಕು. ಶೆಡ್ಡಿನಲ್ಲಿ ನಿಲ್ಲುವ ಜಾಗಕ್ಕೆ ಒಂದು ರಬ್ಬರಿನ ಹಾಸು, ನಡುನಡುವೆ ಕೂರಲು ಎತ್ತರದ ಸ್ಟೂಲು. ಎಲ್ಲವೂ ಊರಿನ ಬಡಿಗನೇ ಮಾಡಬಹುದಾದ ಕೆಲಸ. ಗಂಟೆಗೊಮ್ಮೆ ಐದು ನಿಮಿಷ ಎದ್ದು ಕೈಕಾಲು ಆಡಿಸಬೇಕು ಎಂಬ ಸಲಹೆಗೆ ಮಾತ್ರ ಬಡಿಗ ಸಾಲದು. ಮಜೂರಿ ಸೀರೆಯ ಲೆಕ್ಕದಲ್ಲೋ ಮೀಟರಿನ ಲೆಕ್ಕದಲ್ಲೋ ಇರುವಾಗ ಎದ್ದ ಐದು ನಿಮಿಷ ಬಟವಾಡೆಯ ದಿನ ಕಾಣಿಸಿಕೊಳ್ಳುತ್ತದೆ. ಮಾಲಕರಿಂದ ಮುಂಗಡ ತಂದವನಿಗೆ ಎರಡು ವಾರ ರಜೆ ಹಾಕಿ ಭುಜಕ್ಕೆ ವಿಶ್ರಾಂತಿ ಕೊಡು ಎನ್ನುವ ವೈದ್ಯರ ಚೀಟಿ ಓದಲು ಚೆನ್ನ. ಅವನು ಔಷಧದ ಅಂಗಡಿಯಲ್ಲಿ ನೋವಿನ ಗುಳಿಗೆ ಕೊಂಡು ಮತ್ತೆ ಮಗ್ಗಕ್ಕೆ ಹೋಗುತ್ತಾನೆ. ಇದನ್ನು ಅಜ್ಞಾನ ಎಂದು ಬರೆದುಬಿಡುವುದು ಸುಲಭ, ಆದರೆ ನನಗೆ ಹಾಗೆ ಕಾಣುವುದಿಲ್ಲ. ಅವನು ಮಾಡುವ ಲೆಕ್ಕ ಸರಿಯಾಗಿಯೇ ಇದೆ.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ಈ ಭಾಗದ ನೇಕಾರರ ಮನೆಗಳಿಗೂ ನೀರು ಬಂತು, ಕುಣಿಗಳು ತುಂಬಿದವು. ನೂಲು, ಸಲಕರಣೆ, ಮಗ್ಗದ ಹಾನಿಯ ಲೆಕ್ಕ ನಡೆಯಿತು. ನೀರು ಇಳಿದ ಮೇಲೆ ಕುಣಿಯ ಕೆಸರು ತೆಗೆದು, ಕಟ್ಟಿಗೆ ಒಣಗಿಸಿ, ಹಾಸು ಹೂಡಿ ಮತ್ತೆ ಕುಳಿತವರುಂಟು.

ಅವರು ಕೂರುವ ಹಲಗೆಯ ಮೇಲೆ ಮಡಿಚಿಟ್ಟ ಒಂದು ಕೌದಿ ಇರುತ್ತದೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಮನೆಯ ಹೆಂಗಸರು ಹೊಲಿದದ್ದು. ಯಾವ ಸಂಸ್ಥೆಯೂ ಹೇಳಿಕೊಡದೆ ನೇಕಾರರ ಮನೆಯೇ ಕಂಡುಕೊಂಡ ಮೆತ್ತೆ ಅದು. ನಡು ಸವೆದು ತೆಳುವಾದಾಗ ಇನ್ನೊಂದು ಹಳೆಯ ಸೀರೆಯನ್ನು ಮೇಲೆ ಹಾಕಿ ಮತ್ತೆ ಹೊಲಿಯುತ್ತಾರೆ.